ಇಲಿಯ ಕಾಲಿನ ಊತ ಇಳಿದರೆ ಅಮ್ಮನ ಮಂಡಿ ನೋವೂ ಇಳಿಯುತ್ತದೆಯೇ?

ಪ್ರಶ್ನೆ: ಒಂದು ಔಷಧೀಯ ಗಿಡದ ಎಲೆಯ ಸಾರ ಇಲಿಗಳ ಕಾಲಿನ ಊತವನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿತು, ನೋವನ್ನೂ ತಗ್ಗಿಸಿತು, ನೋವಿನ ಮಾತ್ರೆ ಡೈಕ್ಲೋಫೆನಾಕ್‌ಗೆ ಸರಿಸಮ ಅನ್ನುವ ಸಂಶೋಧನಾ ವರದಿಯೊಂದನ್ನು ಓದಿದೆ. ಮೆಥನಾಲ್‌ನಲ್ಲಿ ತೆಗೆದ ಸಾರ, ಡೋಸ್ ಕೆಜಿ ತೂಕಕ್ಕೆ 400 ಮಿಲಿಗ್ರಾಂ, ಗುಂಪಿಗೆ ಆರು ಇಲಿ ಅಂತ ಬರೆದಿದ್ದರು. ನನ್ನ ಅಮ್ಮನಿಗೆ 68 ವರ್ಷ. ಎರಡೂ ಮಂಡಿ ಸವೆದಿವೆ. ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆ ಉರಿಯುತ್ತದೆ. ಇಂಥ ಪರೀಕ್ಷೆಗಳನ್ನು ಹೇಗೆ ಮಾಡುತ್ತಾರೆ? ಇಲಿಗೆ ನೋವು ಕಡಿಮೆಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಅಮ್ಮನಿಗೆ ಈ ಸಾರ ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮಗೆ ಮುಖ್ಯವಾದದ್ದು ಅದೇ ಅಲ್ವಾ? ಈಗ ಕೊಡಬೇಡಿ. ಆ ವರದಿ ಸುಳ್ಳು ಅಂತ ಹೀಗೆ ಹೇಳುತ್ತಿಲ್ಲ. ಪ್ರಾಮಾಣಿಕವಾಗಿಯೇ ಕೆಲಸ ಮಾಡಿರಬಹುದು. ಆದರೆ ಅವರು ಉತ್ತರ ಕಂಡುಕೊಂಡ ಪ್ರಶ್ನೆ ಬೇರೆ, ನಿಮ್ಮ ಅಮ್ಮನ ಪ್ರಶ್ನೆ ಬೇರೆ. ಇವೆರಡರ ನಡುವೆ ಎಷ್ಟು ದೂರವಿದೆ ಅಂತ ಗೊತ್ತಾಗಬೇಕಾದರೆ ಪರೀಕ್ಷೆ ನಡೆಯುವ ರೀತಿಯನ್ನು ನೋಡಬೇಕು.

ಗಿಡಗಳಿಂದ ನೋವಿನ ಔಷಧಿ ಸಿಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ವಿಲ್ಲೋ ಮರದ ತೊಗಟೆಯಿಂದ ಜ್ವರ ಇಳಿಯುತ್ತದೆ ಅಂತ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದರು. 1828ರಲ್ಲಿ ಆ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಟ್ಟಿತು. 1897ರಲ್ಲಿ ಅದರ ಬಂಧು ಆಸ್ಪಿರಿನ್ ತಯಾರಾಯಿತು. ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿದದ್ದು 1971ರಲ್ಲಿ. ನೋವನ್ನೂ ಊತವನ್ನೂ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ದೇಹ ತಯಾರಿಸದಂತೆ ಆಸ್ಪಿರಿನ್ ತಡೆಯುತ್ತದೆ ಅಂತ ವಿಜ್ಞಾನಿ ಜಾನ್ ವೇನ್ ತೋರಿಸಿದರು. ಅದಕ್ಕೆ 1982ರಲ್ಲಿ ನೊಬೆಲ್ ಬಂತು. ಪತ್ರದಿಂದ ಈ ವಿವರಣೆಯವರೆಗೆ ಇನ್ನೂರು ವರ್ಷ ದಾಟಿತ್ತು. ಇವತ್ತು ಅಷ್ಟು ಕಾಯಬೇಕಿಲ್ಲ. ಆದರೆ ಮೆಟ್ಟಿಲು ಹಾರಿ ಹೋಗುವ ಹಾಗೂ ಇಲ್ಲ.

ಮೊದಲ ಮೆಟ್ಟಿಲು ಗಿಡ ಯಾವುದು ಅಂತ ಖಚಿತ ಮಾಡಿಕೊಳ್ಳುವುದು. ಇದು ಬೇಸರದ ಕೆಲಸದಂತೆ ಕಾಣುತ್ತದೆ. ಆದರೆ ಇಲ್ಲಿ ಎಡವಿದವರು ಜೀವಗಳನ್ನೇ ಕಳೆದಿದ್ದಾರೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಸ್ಟೆಫಾನಿಯಾ ಎಂಬ ಗಿಡ ಇರಬೇಕಾದ ಜಾಗದಲ್ಲಿ ಅರಿಸ್ಟೊಲೋಕಿಯಾ ಸೇರಿಕೊಂಡಿತ್ತು. ಎರಡಕ್ಕೂ ಬಳಕೆಯ ಹೆಸರು ಹತ್ತಿರ ಹತ್ತಿರ, ಗೊಂದಲ ಹುಟ್ಟಿದ್ದು ಅಲ್ಲಿಂದ. ಆಮೇಲೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಅದಕ್ಕೇ ಒಳ್ಳೆಯ ಸಂಶೋಧಕರು ಗಿಡವನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಳ್ಳುತ್ತಾರೆ. ಅದರ ಒಂದು ಕೊಂಬೆಯನ್ನು ಒಣಗಿಸಿ, ನಂಬರ್ ಹಾಕಿ, ಒಣ ಗಿಡಗಳ ಸಂಗ್ರಹಾಲಯವಾದ ಹರ್ಬೇರಿಯಂನಲ್ಲಿ ಇಡುತ್ತಾರೆ. ನೀವು ಓದಿದ ವರದಿಯಲ್ಲಿ ಆ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಅವರು ಪರೀಕ್ಷಿಸಿದ್ದು ಯಾವ ಗಿಡ ಅಂತ ಇನ್ನೊಬ್ಬರು ತಾಳೆ ನೋಡಲು ದಾರಿಯಿಲ್ಲ.

ಆಮೇಲೆ ಸಾರ ತೆಗೆಯುವುದು. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಯಾವುದೋ ದ್ರವದಲ್ಲಿ ನೆನೆಸಿ ಅಥವಾ ಬಿಸಿ ಮಾಡಿ, ಸೋಸಿ, ದ್ರವವನ್ನು ಆವಿ ಮಾಡಿ ತೆಗೆಯುತ್ತಾರೆ. ಉಳಿದ ಅಂಟಾದ ವಸ್ತುವೇ ಸಾರ. ದ್ರವ ಬದಲಾದರೆ ಸಾರವೂ ಬದಲಾಗುತ್ತದೆ. ಹೆಕ್ಸೇನ್ ಎಂಬ ದ್ರವ ಎಣ್ಣೆಯಂಥ ವಸ್ತುಗಳನ್ನು ಎಳೆದುಕೊಳ್ಳುತ್ತದೆ. ನೀರು ಸಕ್ಕರೆ, ಲವಣ, ಒಗರು ಕೊಡುವ ಟ್ಯಾನಿನ್‌ನಂಥವನ್ನು ಎಳೆದುಕೊಳ್ಳುತ್ತದೆ. ಮೆಥನಾಲ್ ಇವೆರಡರ ನಡುವಿನದ್ದನ್ನು ಬಹಳಷ್ಟು ಎಳೆಯುತ್ತದೆ. ಹಾಗಾಗಿ ಅವರ ಮೆಥನಾಲ್ ಸಾರ ಬೇರೆ, ನೀವು ಮನೆಯಲ್ಲಿ ಕುದಿಸುವ ಕಷಾಯ ಬೇರೆ. ಗಿಡ ಒಂದೇ ಆದರೂ ಔಷಧಿ ಒಂದೇ ಅಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮೆಥನಾಲ್ ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ. ಲ್ಯಾಬ್‌ನಲ್ಲಿ ಅದನ್ನು ನಿರ್ವಾತದಲ್ಲಿ ಆವಿ ಮಾಡಿ, ಉಳಿದಿಲ್ಲ ಅಂತ ಪರೀಕ್ಷಿಸುತ್ತಾರೆ. ಮನೆಯಲ್ಲಿ ಯಾರೂ ಇದಕ್ಕೆ ಕೈ ಹಾಕಬಾರದು.

ಒಂದೇ ಗಿಡದ ಎಲೆಯಲ್ಲೂ ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂಬಂತೆ ರಾಸಾಯನಿಕಗಳ ಪ್ರಮಾಣ ಏರಿಳಿಯುತ್ತದೆ. ಅದಕ್ಕೆ ಸಾರದಲ್ಲಿರುವ ಒಂದೆರಡು ಗುರುತಿನ ವಸ್ತುಗಳನ್ನು, ಮಿಶ್ರಣವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದು, ಇಷ್ಟು ಗ್ರಾಂಗೆ ಇಷ್ಟು ಇದೆ ಅಂತ ಬರೆಯಬೇಕು. ‘ಫ್ಲೇವನಾಯ್ಡ್ ಇದೆ, ಆಲ್ಕಲಾಯ್ಡ್ ಇದೆ’ ಅಂತ ಬರೀ ಪ್ಲಸ್ ಗುರುತು ಹಾಕಿದರೆ ಸಾಲದು. ಅಂಥ ಪಟ್ಟಿ ಸಾವಿರಾರು ಗಿಡಗಳಿಗೆ ಹೊಂದುತ್ತದೆ.

ಪ್ರಾಣಿಗಳಿಗೆ ಮುಂಚೆ ಗಾಜಿನ ತಟ್ಟೆಯ ಪರೀಕ್ಷೆಗಳು ಬರುತ್ತವೆ. ಮೊಟ್ಟೆಯ ಬಿಳಿಯ ಪ್ರೋಟೀನ್ ಬಿಸಿಗೆ ಕೆಡುವುದನ್ನು ಸಾರ ತಡೆಯುತ್ತದಾ ಅಂತ ನೋಡುವ ಒಂದು ಪರೀಕ್ಷೆ ತುಂಬಾ ಜನಪ್ರಿಯ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಸಾರದ ಗಾಢ ಬಣ್ಣ ಯಂತ್ರದ ಅಳತೆಯನ್ನೇ ಕೆಡಿಸುತ್ತದೆ. ಅದಕ್ಕಿಂತ ಒಳ್ಳೆಯದು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳ ಪರೀಕ್ಷೆ. ಬ್ಯಾಕ್ಟೀರಿಯಾದ ಹೊರಕವಚದ ವಸ್ತು ಹಾಕಿ ಕೋಶಗಳನ್ನು ಕೆರಳಿಸುತ್ತಾರೆ. ಅವು ನೈಟ್ರಿಕ್ ಆಕ್ಸೈಡ್, ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಸಂಕೇತಗಳನ್ನು ಬಿಡುತ್ತವೆ. ಸಾರ ಹಾಕಿದಾಗ ಅವು ಕಡಿಮೆಯಾದರೆ ಒಳ್ಳೆಯ ಸುದ್ದಿ. ಆದರೆ ಸತ್ತ ಕೋಶವೂ ಸಂಕೇತ ಬಿಡುವುದಿಲ್ಲ! ಆದ್ದರಿಂದ ಅದೇ ಪ್ರಮಾಣದಲ್ಲಿ ಕೋಶಗಳು ಜೀವಂತವಾಗಿವೆಯಾ ಅಂತ ಜೊತೆಗೇ ತೋರಿಸಬೇಕು. ಅದನ್ನು ತೋರಿಸದ ವರದಿಯನ್ನು ನಾನು ಅಲ್ಲಿಗೇ ಮುಚ್ಚಿಡುತ್ತೇನೆ.

ಈಗ ಇಲಿಗಳ ವಿಷಯ. ಲ್ಯಾಬ್‌ನಲ್ಲಿ ಇಪ್ಪತ್ತು ಮೂವತ್ತು ಗ್ರಾಂ ತೂಗುವ ಚಿಕ್ಕ ಇಲಿ ಇರುತ್ತದೆ, ಇನ್ನೂರು ಗ್ರಾಂ ಆಸುಪಾಸಿನ ದೊಡ್ಡ ಇಲಿಯೂ ಇರುತ್ತದೆ. ಊತದ ಪರೀಕ್ಷೆ ಸಾಮಾನ್ಯವಾಗಿ ದೊಡ್ಡ ಇಲಿಯಲ್ಲಿ. ಕೆಂಪು ಕಡಲಪಾಚಿಯಿಂದ ಸಿಗುವ ಕ್ಯಾರಜೀನನ್ ಎಂಬ ವಸ್ತುವಿನ ಒಂದು ಪರ್ಸೆಂಟ್ ದ್ರಾವಣವನ್ನು 0.1 ಮಿಲಿಲೀಟರ್‌ನಷ್ಟು ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ. 1962ರಿಂದ ಬಳಕೆಯಲ್ಲಿರುವ ವಿಧಾನ ಇದು. ಕಾಲು ಊದುತ್ತದೆ. ಕಾಲನ್ನು ದ್ರವದಲ್ಲಿ ಅದ್ದಿ, ಎಷ್ಟು ದ್ರವ ಪಕ್ಕಕ್ಕೆ ಸರಿಯಿತು ಅಂತ ಗಂಟೆಗೊಮ್ಮೆ ನೋಡಿ ಊತ ಅಳೆಯುತ್ತಾರೆ. ಸಾರವನ್ನು ಚುಚ್ಚುವುದಕ್ಕಿಂತ ಸುಮಾರು ಒಂದು ಗಂಟೆ ಮೊದಲು ಬಾಯಿಯಿಂದ ಕೊಟ್ಟಿರುತ್ತಾರೆ.

‘ಮೊದಲು’ ಅನ್ನುವುದನ್ನು ಗಮನಿಸಿ. ಇಲಿಗೆ ಊತ ಬರುವ ಮುಂಚೆಯೇ ಔಷಧಿ ಸಿಕ್ಕಿದೆ. ನಿಮ್ಮ ಅಮ್ಮನ ಮಂಡಿ ಸವೆದು ವರ್ಷಗಳಾಗಿವೆ.

ಈ ಪರೀಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಗಡಿಯಾರ. ಮೊದಲ ಒಂದು ಒಂದೂವರೆ ಗಂಟೆಯ ಊತ ಮುಖ್ಯವಾಗಿ ದೇಹವೇ ಬಿಡುವ ಹಿಸ್ಟಮೈನ್, ಸೆರೊಟೋನಿನ್ ಎಂಬ ರಾಸಾಯನಿಕಗಳಿಂದ. ಆಮೇಲೆ ಕೈನಿನ್ ಎಂಬವುಗಳ ಸರದಿ. ಎರಡೂವರೆ ಮೂರು ಗಂಟೆಯ ನಂತರ ಪ್ರೋಸ್ಟಗ್ಲಾಂಡಿನ್ ಕಾರುಬಾರು. ಡೈಕ್ಲೋಫೆನಾಕ್‌ನಂಥವು ಈ ಕೊನೆಯ ಹಂತದಲ್ಲಿ ಜೋರಾಗಿ ಕೆಲಸ ಮಾಡುತ್ತವೆ. ಸಾರ ಮೊದಲ ಗಂಟೆಯಲ್ಲೇ ಊತ ತಗ್ಗಿಸಿ ನಾಲ್ಕನೇ ಗಂಟೆಗೆ ಕೈಕೊಟ್ಟರೆ ಅದು ಡೈಕ್ಲೋಫೆನಾಕ್‌ನ ದಾರಿಯಲ್ಲಿ ಹೋಗುತ್ತಿಲ್ಲ ಅಂತ ಸುಳಿವು. ಹಾಗಾಗಿ ವರದಿಯಲ್ಲಿ ಒಂದೇ ಒಂದು ದೊಡ್ಡ ಪರ್ಸೆಂಟ್ ನೋಡಬೇಡಿ. ಯಾವ ಗಂಟೆಯದ್ದು ಅಂತ ನೋಡಿ.

ಸಾರವನ್ನು ಬಾಯಿಯಿಂದ ಕೊಡದೆ ಹೊಟ್ಟೆಯೊಳಗೆ ಸೂಜಿಯಿಂದ ಚುಚ್ಚಿದ್ದರೆ ಇನ್ನೂ ಎಚ್ಚರ ಬೇಕು. ಕಚ್ಚಾ ಸಾರ ಹೊಟ್ಟೆಯ ಒಳಪದರವನ್ನು ಕೆರಳಿಸಬಹುದು. ಒಂದು ಕಡೆ ಕೆರಳಿಕೆ ಎದ್ದರೆ ದೇಹದ ಇನ್ನೊಂದು ಕಡೆಯ ಊತ ತಾನಾಗಿಯೇ ತಗ್ಗುತ್ತದೆ. ಆಗ ಔಷಧಿಯಂತೆ ಕಂಡದ್ದು ನಿಜವಾಗಿ ಗಾಯ.

ಇಲಿ ಬಾಯಿ ಬಿಟ್ಟು ನೋವು ಹೇಳುವುದಿಲ್ಲ. ಅದರ ನಡವಳಿಕೆಯನ್ನೇ ಓದಬೇಕು. ಚಿಕ್ಕ ಇಲಿಯ ಹೊಟ್ಟೆಗೆ ತೆಳು ಅಸಿಟಿಕ್ ಆಮ್ಲ ಚುಚ್ಚಿದರೆ ಅದು ಹೊಟ್ಟೆ ಎಳೆದುಕೊಂಡು, ಹಿಂಗಾಲು ಚಾಚಿ ನುಲಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹಾಗೆ ಎಷ್ಟು ಸಲ ಮಾಡಿತು ಅಂತ ಎಣಿಸುತ್ತಾರೆ. ಇದು ತುಂಬಾ ಸೂಕ್ಷ್ಮ ಪರೀಕ್ಷೆ, ಸಣ್ಣ ಪರಿಣಾಮವೂ ಕಾಣುತ್ತದೆ. ಅದೇ ಅದರ ದೌರ್ಬಲ್ಯ ಕೂಡ. ನೋವಿಗೆ ಸಂಬಂಧವಿಲ್ಲದ ಅಲರ್ಜಿ ಔಷಧಿ, ಸ್ನಾಯು ಸಡಿಲಿಸುವ ಔಷಧಿಗಳೂ ಇಲ್ಲಿ ಪಾಸಾಗಿಬಿಡುತ್ತವೆ.

ಇನ್ನೊಂದು ಬಿಸಿ ತಟ್ಟೆಯ ಪರೀಕ್ಷೆ. ಸುಮಾರು 55 ಡಿಗ್ರಿ ಸೆಲ್ಸಿಯಸ್ ತಟ್ಟೆಯ ಮೇಲೆ ಇಲಿಯನ್ನು ಬಿಟ್ಟು, ಅದು ಪಾದ ನೆಕ್ಕುವ ಅಥವಾ ಜಿಗಿಯುವವರೆಗಿನ ಸೆಕೆಂಡುಗಳನ್ನು ಎಣಿಸುವುದು. ಸುಟ್ಟ ಗಾಯವಾಗದಂತೆ ಹದಿನೈದು ಇಪ್ಪತ್ತು ಸೆಕೆಂಡಿಗೆ ಎತ್ತಿಬಿಡಲೇಬೇಕು. ಮಾರ್ಫಿನ್‌ನಂತೆ ಮೆದುಳು, ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುವ ಔಷಧಿ ಇಲ್ಲಿ ಚೆನ್ನಾಗಿ ಕಾಣುತ್ತದೆ. ಆಸ್ಪಿರಿನ್ ಬಳಗ ಅಷ್ಟಾಗಿ ಕಾಣುವುದಿಲ್ಲ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಡೆದದ್ದೊಂದು ಇಂದಿಗೂ ಮರೆತಿಲ್ಲ. ಒಂದು ಬೇರಿನ ಸಾರ ಬಿಸಿ ತಟ್ಟೆಯಲ್ಲಿ ಅದ್ಭುತ ಫಲಿತಾಂಶ ಕೊಟ್ಟಿತು. ಇಲಿಗಳು ಕೊನೆಯ ಸೆಕೆಂಡಿನವರೆಗೂ ಸುಮ್ನೆ ನಿಂತಿದ್ದವು. ನಮಗೆಲ್ಲ ಭಾರಿ ಸಂತೋಷ. ಹಿರಿಯರೊಬ್ಬರು ಬಂದು, ತಿರುಗುವ ಕೋಲಿನ ಮೇಲೆ ಅವನ್ನು ನಿಲ್ಲಿಸಿ ನೋಡಿ ಅಂದರು. ರೋಟರಾಡ್ ಅಂತ ಅದಕ್ಕೆ ಹೆಸರು. ಇಲಿಗಳು ಒಂದೊಂದಾಗಿ ಉದುರಿದವು. ನೋವು ಕಡಿಮೆಯಾಗಿರಲಿಲ್ಲ, ಇಲಿಗಳಿಗೆ ಮಂಪರು ಕವಿದಿತ್ತು. ಕಾಲು ಎತ್ತುವಷ್ಟು ಎಚ್ಚರವೇ ಅವಕ್ಕೆ ಇರಲಿಲ್ಲ. ಬಿಸಿ ತಾಗುತ್ತಿದ್ದರೂ ತಪ್ಪಿಸಿಕೊಳ್ಳಲಾಗದೆ ನಿಂತಿದ್ದವು ಅಂತ ಗೊತ್ತಾದಾಗ ಆದ ಸಂಕಟ ಈಗಲೂ ನೆನಪಿದೆ. ಅವತ್ತಿನಿಂದ ರೋಟರಾಡ್ ಇಲ್ಲದ ನೋವಿನ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಮಾಹಿತಿ ಕೊಡುವುದು ಫಾರ್ಮಲಿನ್ ಪರೀಕ್ಷೆ, 1977ರಲ್ಲಿ ಬಂದದ್ದು. ಪಾದಕ್ಕೆ ತೆಳು ಫಾರ್ಮಲಿನ್ ಚುಚ್ಚಿದಾಗ ನೋವು ಎರಡು ಅಲೆಗಳಲ್ಲಿ ಬರುತ್ತದೆ. ಮೊದಲ ಐದು ನಿಮಿಷ ನರಕ್ಕೆ ನೇರವಾಗಿ ತಾಗಿದ ನೋವು. ಸ್ವಲ್ಪ ಹೊತ್ತು ಇಲಿ ಶಾಂತ. ಮತ್ತೆ ಹದಿನೈದರಿಂದ ಮೂವತ್ತನೇ ನಿಮಿಷದವರೆಗೆ ಉರಿಯೂತ ಬೆರೆತ ನೋವು. ಮಾರ್ಫಿನ್ ಎರಡೂ ಅಲೆಗಳನ್ನು ತಗ್ಗಿಸುತ್ತದೆ. ಉರಿಯೂತ ಇಳಿಸುವ ಔಷಧಿಗಳು ಮುಖ್ಯವಾಗಿ ಎರಡನೆಯದನ್ನು. ಹೀಗೆ ಒಂದೇ ಪರೀಕ್ಷೆಯಲ್ಲಿ ಸಾರ ಯಾವ ದಾರಿ ಹಿಡಿದಿದೆ ಅಂತ ಅಂದಾಜು ಸಿಗುತ್ತದೆ. ಮಾರ್ಫಿನ್ ದಾರಿ ಅನ್ನಿಸಿದರೆ ಅದನ್ನು ತಡೆಯುವ ನಾಲೋಕ್ಸೋನ್ ಮೊದಲೇ ಕೊಟ್ಟು ನೋಡಬಹುದು. ಸಾರದ ಪರಿಣಾಮ ಮಾಯವಾದರೆ ಅನುಮಾನ ಗಟ್ಟಿಯಾಗುತ್ತದೆ.

ಇವೆಲ್ಲ ಗಂಟೆಗಳ ಲೆಕ್ಕದ ನೋವು. ಕೀಲಿನ ಕಾಯಿಲೆಗೆ ಸ್ವಲ್ಪವಾದರೂ ಹತ್ತಿರ ಬರಬೇಕಾದರೆ ಮೂರು ನಾಲ್ಕು ವಾರ ನಡೆಯುವ ಪರೀಕ್ಷೆಗಳು ಬೇಕು. ದೊಡ್ಡ ಇಲಿಯಲ್ಲಿ ಸಂಧಿವಾತದಂಥ ಸ್ಥಿತಿ ತಂದು, ಅದು ಬಂದ ಮೇಲೆ ಸಾರ ಕೊಟ್ಟು, ಕೀಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಂಥವು. ಅವು ಕೂಡ ಸವೆತದ ಮಂಡಿಯ ತದ್ರೂಪವಲ್ಲ.

ಈ ಪ್ರಾಣಿಗಳು ನಮಗಾಗಿ ನೋವು ತಿನ್ನುತ್ತವೆ. 1959ರಲ್ಲಿ ರಸ್ಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ನಿಯಮ ಹೇಳಿದರು. ಸಾಧ್ಯವಾದರೆ ಪ್ರಾಣಿ ಬಿಟ್ಟು ಬೇರೆ ದಾರಿ ಹುಡುಕಿ, ಸಂಖ್ಯೆ ಕಡಿಮೆ ಮಾಡಿ, ಹಿಂಸೆ ತಗ್ಗಿಸಿ. ಇವತ್ತು ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಕೆಲಸ ಶುರು ಮಾಡಬಾರದು. ಪ್ರಯೋಗವನ್ನು ಅಡ್ಡಾದಿಡ್ಡಿ ಮಾಡಿದರೆ ಆ ಪ್ರಾಣಿಗಳ ನೋವು ವ್ಯರ್ಥ. ನಾನು ಲೆಕ್ಕದ ಬಗ್ಗೆ ಇಷ್ಟು ಹಟ ಹಿಡಿಯುವುದು ಅದಕ್ಕೇ.

ಲೆಕ್ಕ ಅಂದರೆ ಹೋಲಿಕೆ. ಒಂದು ಗುಂಪಿಗೆ ಸಾರ, ಒಂದಕ್ಕೆ ಡೈಕ್ಲೋಫೆನಾಕ್, ಒಂದಕ್ಕೆ ಸಾರವನ್ನು ಕಲಸಿದ ದ್ರವ ಮಾತ್ರ. ಈ ಕೊನೆಯದ್ದನ್ನು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ಡಿಎಂಎಸ್‌ಓ ಎಂಬ ದ್ರವ ಬಳಸಿದರೆ ಅದಕ್ಕೇ ಉರಿಯೂತ ತಗ್ಗಿಸುವ ಗುಣವಿದೆ. ಹಾಗಾಗಿ ಬರೀ ನೀರು ಕೊಟ್ಟ ಗುಂಪಿಗೆ ಹೋಲಿಸಿದರೆ ದ್ರವದ ಕೆಲಸ ಗಿಡದ ಖಾತೆಗೆ ಸೇರುತ್ತದೆ. ಯಾವ ಇಲಿ ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು. ಎಣಿಸುವವರಿಗೆ ಯಾವ ಇಲಿಗೆ ಏನು ಕೊಟ್ಟಿದ್ದಾರೆ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತಾನಾಗಿಯೇ ಒಂದೆರಡು ನುಲಿದಾಟವನ್ನು ಬಿಟ್ಟುಬಿಡುತ್ತದೆ. ಮೋಸ ಮಾಡಬೇಕೆಂದಲ್ಲ, ಮನಸ್ಸು ಇರುವುದೇ ಹಾಗೆ.

‘ಡೈಕ್ಲೋಫೆನಾಕ್‌ಗೆ ಸರಿಸಮ’ ಅನ್ನುವ ಮಾತಿಗೆ ಬರೋಣ. ಗುಂಪಿಗೆ ಆರು ಇಲಿ ಇಟ್ಟು, ಎರಡು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ ಅಂದರೆ ಎರಡೂ ಸಮ ಅಂತ ಅರ್ಥವಲ್ಲ. ವ್ಯತ್ಯಾಸ ಕಾಣುವಷ್ಟು ಇಲಿಗಳು ಇರಲಿಲ್ಲ ಅಂತಲೂ ಇರಬಹುದು. ಕತ್ತಲೆ ಕೋಣೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಕೋಣೆ ಖಾಲಿ ಅಂತ ಹೇಳಲಾಗುವುದಿಲ್ಲವಲ್ಲ.

ಈಗ ಡೋಸ್. ಇಲ್ಲಿ ಸ್ವಲ್ಪ ಕೂತು ಲೆಕ್ಕ ಹಾಕೋಣ, ನಿಮಗೆ ನೇರವಾಗಿ ಬೇಕಾದದ್ದು ಇದೇ. ದೊಡ್ಡ ಇಲಿಯ ಡೋಸನ್ನು ಮನುಷ್ಯರ ತೂಕಕ್ಕೆ ನೇರ ಗುಣಿಸುವುದಿಲ್ಲ. ಸಣ್ಣ ಪ್ರಾಣಿಯ ದೇಹ ಔಷಧಿಯನ್ನು ಬೇಗ ಖರ್ಚು ಮಾಡುತ್ತದೆ. ಅದಕ್ಕೆ ದೊಡ್ಡ ಇಲಿಯ ಡೋಸನ್ನು 6.2ರಿಂದ, ಚಿಕ್ಕ ಇಲಿಯದ್ದನ್ನು 12.3ರಿಂದ ಭಾಗಿಸುವ ರೂಢಿ ಇದೆ. ನೀವು ಓದಿದ್ದು ದೊಡ್ಡ ಇಲಿಯ ಪ್ರಯೋಗ ಅಂತಿಟ್ಟುಕೊಳ್ಳೋಣ. 400 ಭಾಗಿಸು 6.2, ಅಂದರೆ ಕೆಜಿಗೆ ಸುಮಾರು 65 ಮಿಲಿಗ್ರಾಂ. ಅರವತ್ತು ಕೆಜಿ ತೂಕದವರಿಗೆ ಹತ್ತಿರ ಹತ್ತಿರ 3.9 ಗ್ರಾಂ ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುತ್ತದೆ ಅಂತ ಹಿಡಿದರೆ ದಿನಕ್ಕೆ 39 ಗ್ರಾಂ ಒಣ ಎಲೆ. ಹಸಿ ಎಲೆಯಾದರೆ ಅದರ ಹಲವು ಪಟ್ಟು. ಇದಕ್ಕೆ ಹೋಲಿಸಿ ನೋಡಿ. ಇಲಿಗೆ ಸಾಮಾನ್ಯವಾಗಿ ಕೊಡುವ ಡೈಕ್ಲೋಫೆನಾಕ್ ಕೆಜಿಗೆ 10 ಮಿಲಿಗ್ರಾಂ. ಅದೇ ಲೆಕ್ಕದಲ್ಲಿ ಅರವತ್ತು ಕೆಜಿಗೆ ಸುಮಾರು 97 ಮಿಲಿಗ್ರಾಂ, ಜನ ನುಂಗುವ ಪ್ರಮಾಣಕ್ಕೆ ಹತ್ತಿರವೇ ಬಂತು. ಸಾರ ಮಾತ್ರ ಅದರ ನಲವತ್ತು ಪಟ್ಟು ತೂಕದಲ್ಲಿ ಸಮವಾಯಿತು. ಸಾರ ಅನೇಕ ವಸ್ತುಗಳ ಮಿಶ್ರಣ, ಕೆಲಸದ ವಸ್ತು ಅದರಲ್ಲಿ ಚೂರೇ ಇರಬಹುದು. ಅದು ಅನ್ಯಾಯದ ಹೋಲಿಕೆ ಅಂತ ಗಿಡದ ಪರವಾಗಿ ನಾನೇ ಹೇಳುತ್ತೇನೆ. ಆದರೆ ಆ ವಸ್ತು ಸಿಗುವವರೆಗೆ ಉಳಿದದ್ದನ್ನೂ ನುಂಗಬೇಕಾಗುತ್ತದೆ. ಈ ಲೆಕ್ಕ ಹಾಕಿದ್ದು ದೂರ ತೋರಿಸಲು ಮಾತ್ರ. ದಯವಿಟ್ಟು ಇದನ್ನು ಡೋಸ್ ಅಂತ ಬಳಸಬೇಡಿ.

ಸುರಕ್ಷತೆಯ ಬಗ್ಗೆ ಇಂಥ ವರದಿಗಳಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ಕೆಜಿಗೆ 2000 ಮಿಲಿಗ್ರಾಂವರೆಗೆ ಯಾವ ಇಲಿಯೂ ಸಾಯಲಿಲ್ಲ. ಅದು ಒಂದೇ ಡೋಸ್ ಕೊಟ್ಟು ಹದಿನಾಲ್ಕು ದಿನ ಕಾದ ಪರೀಕ್ಷೆ. ಮಂಡಿ ನೋವಿನವರು ತಿಂಗಳುಗಟ್ಟಲೆ ನುಂಗುತ್ತಾರೆ. ಅವರಿಗೆ ಬೇಕಾದದ್ದು 28 ದಿನ, 90 ದಿನ ದಿನವೂ ಕೊಟ್ಟು ಲಿವರ್, ಕಿಡ್ನಿ, ಹೊಟ್ಟೆಯ ಪದರ ನೋಡಿದ ಪರೀಕ್ಷೆ. ನಾನು ಹೇಳಿದ ಬೆಲ್ಜಿಯಂನ ಜನರಲ್ಲೂ ಮೊದಲ ಮಾತ್ರೆಗೆ ಯಾರೂ ಬಿದ್ದಿರಲಿಲ್ಲ. ಎಲ್ಲ ಪರೀಕ್ಷೆ ದಾಟಿ ಬಂದ ಔಷಧಿಯೂ ಆಮೇಲೆ ಕೈಕೊಟ್ಟದ್ದುಂಟು. ಹೊಟ್ಟೆಗೆ ಮೃದು ಅಂತ ಬಂದ ರೊಫೆಕಾಕ್ಸಿಬ್ ಎಂಬ ನೋವಿನ ಔಷಧಿ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಅಂತ ತಿಳಿದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಕೊನೆಗೆ ಮನುಷ್ಯರ ಪರೀಕ್ಷೆ. ಸವೆತದ ಮಂಡಿ ನೋವು ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ. ಜನ ಔಷಧಿಗೆ ಬರುವುದು ನೋವು ಜೋರಾದಾಗ. ಆಮೇಲೆ ಏನು ಕೊಟ್ಟರೂ, ಏನೂ ಕೊಡದಿದ್ದರೂ, ಸ್ವಲ್ಪ ಇಳಿಯುತ್ತದೆ. ಔಷಧಿಯಿಲ್ಲದ ಮಾತ್ರೆಯಿಂದಲೂ ಈ ನೋವು ಸಾಕಷ್ಟು ತಗ್ಗುತ್ತದೆ. ಆದ್ದರಿಂದ ಸಾರದ ಕ್ಯಾಪ್ಸೂಲ್ ಒಂದು ಗುಂಪಿಗೆ, ನೋಡಲು ಹಾಗೇ ಇರುವ ಖಾಲಿ ಕ್ಯಾಪ್ಸೂಲ್ ಇನ್ನೊಂದಕ್ಕೆ. ಕೊಡುವವರಿಗೂ ನುಂಗುವವರಿಗೂ ಯಾವುದು ಯಾವುದು ಅಂತ ಗೊತ್ತಿರಬಾರದು. ಸಾರದ ವಾಸನೆ, ಕಹಿ ಗುಟ್ಟು ಬಿಟ್ಟುಕೊಡದಂತೆ ನೋಡಿಕೊಳ್ಳಬೇಕು. 100 ಮಿಲಿಮೀಟರ್ ಗೆರೆಯ ಮೇಲೆ ನೋವಿನ ಗುರುತು ಹಾಕಿಸಿ, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಏಳುವುದು ಸುಲಭವಾಯಿತಾ ಅಂತ ಕೇಳಿ, ಕನಿಷ್ಠ ಮೂರು ತಿಂಗಳಾದರೂ ಹಿಂಬಾಲಿಸಿದ ಅಧ್ಯಯನ ಆ ಗಿಡದ ಮೇಲೆ ನಡೆದಿದೆಯಾ ಹುಡುಕಿ. ಸಿಕ್ಕರೆ ಅದನ್ನು ಅಮ್ಮನ ಡಾಕ್ಟರಿಗೆ ತೋರಿಸಿ.

ಅಲ್ಲಿಯವರೆಗೆ, ಡೈಕ್ಲೋಫೆನಾಕ್ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆ ಅನ್ನುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಅದೇ ಔಷಧಿ ಮಂಡಿಗೆ ಹಚ್ಚುವ ಜೆಲ್ ರೂಪದಲ್ಲಿದೆ. ಹಚ್ಚಿದಾಗ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಅವರಿಗೆ ಹೊಂದುತ್ತದಾ ಕೇಳಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದಿಂದ ಮಂಡಿಗೆ ಆರಾಮ ಸಿಗುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲೇ ಒಳ್ಳೆಯ ಪುರಾವೆ ಇದೆ. ‘ಪೂರ್ತಿ ಗಿಡಮೂಲಿಕೆ’ ಎಂಬ ಹೆಸರಿನಲ್ಲಿ ಸಿಗುವ, ಎರಡೇ ದಿನದಲ್ಲಿ ನೋವು ಮಾಯ ಮಾಡುವ ಮಾತ್ರೆಗಳಿಂದ ದೂರವಿರಿ. ಅಂಥವುಗಳಲ್ಲಿ ಹೇಳದೆ ಬೆರೆಸಿದ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್ ಅನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆ ಮಾಡಿದ್ದಾರೆ. ಅಮ್ಮ ಈಗಾಗಲೇ ಅಂಥದ್ದೇನಾದರೂ ನುಂಗುತ್ತಿದ್ದರೆ ಬಾಟಲಿಯನ್ನೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ತಿಂಗಳುಗಟ್ಟಲೆ ನುಂಗಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಒಳಗೆ ಸ್ಟೀರಾಯ್ಡ್ ಇದ್ದರೆ ಹಠಾತ್ತನೆ ನಿಲ್ಲಿಸುವುದೂ ಅಪಾಯ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮಲ ಡಾಂಬರಿನಂತೆ ಕಪ್ಪಾದರೆ ಮರುದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.